ತೊಲೊಗೊನನ ಜೀಪು ಮತ್ತೆ ಜೋರ್ಗೊ ಆದದ್ದು

ಹೊಳೆ ದಾಟುವಾಗ ಜೀಪಿನ ಹೊಟ್ಟೆ ಕಲ್ಲಿಗೆ ತಗಲುವುದು ನಮ್ಮ ಕಣಿವೆಯಲ್ಲಿ ಯಾರಿಗೂ ಹೊಸತಲ್ಲ. ಬೇಸಿಗೆಯ ಹುಲ್ಲುಗಾವಲಿಗೆ ಹೋಗಬೇಕಾದರೆ ಮೂರು ಕಡೆ ಹೊಳೆ ದಾಟಬೇಕು, ಆಮೇಲೆ ಘಟ್ಟ ಹತ್ತಬೇಕು. ಹೋದ ವರ್ಷ ತೊಲೊಗೊನನ ಹಸಿರು ಜೀಪು ಎರಡನೆಯ ಹೊಳೆಯ ನಟ್ಟನಡುವೆ ಒಂದು ಬಂಡೆಯ ಮೇಲೆ ಆಮೆಯ ಹಾಗೆ ಕೂತುಬಿಟ್ಟಿತು. ನಾಲ್ಕು ಚಕ್ರವೂ ತಿರುಗುತ್ತಿದ್ದವು, ಜೀಪು ಮಾತ್ರ ಅಲ್ಲಾಡಲಿಲ್ಲ. ಹಿಂದಿನ ಸೀಟಿನಲ್ಲಿ ಅವನ ತಾಯಿ ಉಮ್ಸುನಾಯ್ ಅಜ್ಜಿ ಹಿಮದ ನೀರಿನಲ್ಲಿ ಕಾಲಿಟ್ಟುಕೊಂಡು, ಬೋರ್ಸೊಕ್ ಎಂಬ ಕರಿದ ಹಿಟ್ಟಿನ ತಿಂಡಿ ತುಂಬಿದ ಚೀಲವನ್ನು ತಲೆಯ ಮೇಲೆ ಹಿಡಿದು ಕೂತಿದ್ದಳು. ನೆರೆಯವರು ಎರಡು ಕುದುರೆ ಕಟ್ಟಿ ಎಳೆದ ಮೇಲೆಯೇ ಜೀಪು ದಡ ಸೇರಿದ್ದು. ಅಜ್ಜಿ ಒಂದು ವಾರ ಕೆಮ್ಮಿದಳು. ಆದರೂ ಕಂಡವರಿಗೆಲ್ಲ ಬೋರ್ಸೊಕ್ ಒಂದೂ ನೆನೆಯಲಿಲ್ಲವೆಂದು ಹೇಳಿಕೊಂಡು ನಗುತ್ತಿದ್ದಳು.

ಆ ಚಳಿಗಾಲದಲ್ಲಿ ಹಿಮಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಅವಳ ಸೊಂಟ ಮುರಿಯಿತು. ನಾರಿನ್ ಪಟ್ಟಣದ ಆಸ್ಪತ್ರೆಯಲ್ಲಿ ಮೂಳೆ ಕೂಡಿಸಿದರು. ಕಳಿಸುವಾಗ ವೈದ್ಯರು ಎರಡು ಮಾತು ಹೇಳಿದರು. ಕುದುರೆ ಸವಾರಿ ಇನ್ನು ಬೇಡ. ಗಾಡಿಯಲ್ಲಿ ಹೋಗಬಹುದು, ಆದರೆ ಮೈ ಅದುರಿಸದ ಗಾಡಿಯಾಗಿರಬೇಕು.

ಅಜ್ಜಿಗೆ ಎಂಬತ್ತೊಂದು ವರ್ಷ. ಹುಟ್ಟಿದಾಗಿನಿಂದ ಒಂದು ಬೇಸಿಗೆಯನ್ನೂ ಕೆಳಗೆ ಊರಿನಲ್ಲಿ ಕಳೆದವಳಲ್ಲ. ಮೇಲಿನ ಹುಲ್ಲು, ಹುಳಿ ಬರಿಸಿದ ಕುದುರೆ ಹಾಲು, ಕಂಬಳಿ ಗುಡಾರದ ಮೇಲ್ಗಿಂಡಿಯಿಂದ ಬೀಳುವ ಬೆಳಗಿನ ಬಿಸಿಲು, ಇವಿಲ್ಲದ ಬೇಸಿಗೆಯನ್ನು ಅವಳ ಲೆಕ್ಕದಲ್ಲಿ ಬೇಸಿಗೆ ಎನ್ನಲು ಬರುತ್ತಿರಲಿಲ್ಲ. ಇದು ತೊಲೊಗೊನನಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳುವ ಅಭ್ಯಾಸ ಅವನಿಗಿಲ್ಲ. ಆದ್ದರಿಂದ ಏನನ್ನೂ ಹೇಳದೆ ಜೀಪನ್ನು ಎತ್ತರ ಮಾಡಿಸಲು ಹೊರಟ.

ವೆಲ್ಡಿಂಗ್ ಮಾಡುವ ಸಾಗಿನ್‌ನ ಅಂಗಳದಲ್ಲಿ ಕೆಲಸ ನಡೆಯಿತು. ಸ್ಪ್ರಿಂಗ್ ಪಾಟಾಗೂ ಆಕ್ಸಲ್ಲಿಗೂ ನಡುವೆ ಕಬ್ಬಿಣದ ದಪ್ಪ ತುಂಡು ಇಟ್ಟು, ಉದ್ದನೆಯ ಯು-ಬೋಲ್ಟು ಬಿಗಿದರೆ, ತುಂಡು ಎಷ್ಟು ದಪ್ಪವೋ ಜೀಪು ಅಷ್ಟು ಏಳುತ್ತದೆ. ಮೂರು ಬೆರಳಿನಷ್ಟು ಸಾಕೆಂದು ಸಾಗಿನ್ ಹೇಳಿದ. ತೊಲೊಗೊನ್ ಆರು ಬೆರಳು ಎಂದ. ಅಮ್ಮನ ಕಾಲಿಗೆ ಇನ್ನೊಮ್ಮೆ ನೀರು ತಾಗಬಾರದಲ್ಲ.

ಎತ್ತಿ ಮುಗಿದ ಮೇಲೆ ಇಬ್ಬರೂ ಬಗ್ಗಿ ಕೆಳಗೆ ನೋಡಿದರು. ಗೇರ್‌ಬಾಕ್ಸಿನ ಕಡೆಯಿಂದ ಹಿಂದಿನ ಆಕ್ಸಲ್ಲಿಗೆ ಬಲ ಒಯ್ಯುವ, ತಿರುಗುವ ಕೊಳವೆಯನ್ನು ನಮ್ಮವರು ಕರ್ದಾನ್ ಎನ್ನುತ್ತಾರೆ. ಅದರ ಎರಡು ತುದಿಯಲ್ಲೂ ಬಾಗಿ ತಿರುಗಲೆಂದು ಒಂದೊಂದು ಕ್ರಾಸು ಇರುತ್ತದೆ. ಮೊದಲು ಹೆಚ್ಚುಕಡಿಮೆ ಮಟ್ಟಸವಾಗಿದ್ದ ಕರ್ದಾನ್ ಈಗ ಮೇಲಿನಿಂದ ಕೆಳಗೆ ಕಡಿದಾಗಿ ಇಳಿದಿತ್ತು. ಆಕ್ಸಲ್ಲಿನ ಮೂತಿ ಮಾತ್ರ ಮೊದಲಿನ ಹಾಗೆಯೇ ನೇರ ಮುಂದಕ್ಕೆ ನೋಡುತ್ತಿತ್ತು. ಕೊಳವೆ ಮೂತಿಯನ್ನು ಕೂಡುವಲ್ಲಿ ಒಂದು ಬಾಗು.

ತೊಲೊಗೊನ್ ನಡೆಯುವುದಕ್ಕಿಂತ ಮೊದಲು ಕುದುರೆ ಹತ್ತಿದವನು. ಆ ಬಾಗು ಅವನ ಕಣ್ಣಿಗೆ ಚುಚ್ಚಿತು. ಕುದುರೆಯ ಬಾಯಿಂದ ಸವಾರನ ಕೈಯವರೆಗೆ ಲಗಾಮು ಒಂದೇ ಗೆರೆಯಲ್ಲಿ ಇರಬೇಕು, ನಡುವೆ ಮುರಿಯಬಾರದು ಎಂದು ಅವನಪ್ಪ ಅವನಿಗೆ ಕಲಿಸಿದ್ದ. ಇದೂ ಹಾಗೆಯೇ ಎಂದುಕೊಂಡ. ಪಾಟಾದ ಕೆಳಗೆ ಬೆಣೆ ಹಾಕಿಸಿ, ಆಕ್ಸಲ್ಲಿನ ಮೂತಿ ನೇರವಾಗಿ ಕರ್ದಾನ್ ಬರುವ ದಿಕ್ಕನ್ನೇ ನೋಡುವ ಹಾಗೆ ಮೇಲೆತ್ತಿಸಿದ. ಮುಂದಿನ ಆಕ್ಸಲ್ಲಿಗೂ ಅದನ್ನೇ ಮಾಡಿಸಿದ. ಈಗ ಗೆರೆ ನೇರವಾಯಿತು. ನೋಡಿದವರೆಲ್ಲ ಭೇಷ್ ಎಂದರು. ಇಲ್ಲಿ ಎಲ್ಲರೂ ಕುದುರೆಯವರೇ.

ಊರೊಳಗೆ ನಿಧಾನವಾಗಿ ಓಡಿಸಿದಾಗ ಏನೂ ಗೊತ್ತಾಗಲಿಲ್ಲ. ದೊಡ್ಡ ರಸ್ತೆಯಲ್ಲಿ ವೇಗ ನಲವತ್ತು ದಾಟಿದ ಕೂಡಲೇ ಗುಂಯ್ ಎಂಬ ಸದ್ದು ಶುರುವಾಯಿತು. ಐವತ್ತಕ್ಕೆ ಕಾಲಡಿಯ ತಗಡು ಅದುರಿತು. ಸ್ಟೀರಿಂಗ್ ತಿರುಗಿಸಿ ಬಿಟ್ಟರೆ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ, ಕುಡಿದವನ ಹಾಗೆ ಆ ಕಡೆ ಈ ಕಡೆ ವಾಲುತ್ತಿತ್ತು. ತೊಲೊಗೊನ್ ಟೈರು ಅದಲು ಬದಲು ಮಾಡಿದ, ಗ್ರೀಸು ತುಂಬಿದ, ಕೊನೆಗೆ ರಸ್ತೆಯನ್ನೇ ಬೈದ.

ಒಂದು ದಿನ ನೆಂಟರ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ತಾಯಿಯನ್ನು ಅದೇ ಜೀಪಿನಲ್ಲಿ ಕರೆದೊಯ್ದ. ಹೋಗುವಾಗ ಅಜ್ಜಿ ಮಾತಾಡುತ್ತಿದ್ದಳು. ಬರುವಾಗ ಮಾತಿರಲಿಲ್ಲ. ಹೇಗಿದೆ ಅಮ್ಮ ಎಂದು ಕೇಳಿದರೆ ಚೆನ್ನಾಗಿದೆ ಎಂದಳು. ಮನೆಗೆ ಬಂದು ಇಳಿಯುವಾಗ ಬಾಗಿಲನ್ನು ಎರಡು ಕೈಯಲ್ಲಿ ಹಿಡಿದು, ತುಸು ಹೊತ್ತು ಹಾಗೇ ನಿಂತಳು.

"ಈ ಸಲ ನಾನು ಮೇಲಕ್ಕೆ ಬರಲ್ಲ ಕಣೋ," ಎಂದಳು. "ಕೋಳಿಗಳನ್ನ ಯಾರು ನೋಡ್ಕೋತಾರೆ?"

ಮನೆಯಲ್ಲಿದ್ದದ್ದು ಎರಡೇ ಕೋಳಿ. ತೊಲೊಗೊನ್ ಆ ರಾತ್ರಿ ಊಟಕ್ಕೆ ಕೂತವನು ಅರ್ಧಕ್ಕೇ ಎದ್ದ.

ಹುಲ್ಲುಗಾವಲಿಗೆ ಹೊರಡಲು ಒಂಬತ್ತು ದಿನ ಉಳಿದಿದ್ದಾಗ ಅವನ ಹೆಂಡತಿ ಅಯಿಮ್‌ಕಾನ್‌ಳ ತಂಗಿ ಕನಿಶಾಯ್ ಊರಿಗೆ ಬಂದಳು. ನಾರಿನ್‌ನಲ್ಲಿ ಕರ್ದಾನ್ ರಿಪೇರಿ ಮಾಡಿ ತೂಕ ಸರಿಪಡಿಸಿ ಕೊಡುವ ಒಂದು ಅಂಗಡಿ ಇದೆ. ಏಳು ವರ್ಷದಿಂದ ಅವಳು ಅಲ್ಲಿ ಕೆಲಸ ಮಾಡುತ್ತಾಳೆ. ಭಾವನ ಕಾಲೆಳೆಯುವುದು ನಮ್ಮಲ್ಲಿ ಹೆಂಡತಿಯ ತಂಗಿಗೆ ಹುಟ್ಟಿನಿಂದ ಬಂದ ಹಕ್ಕು. ಬಸ್ಸಿನಿಂದ ಇಳಿಯುತ್ತಲೇ ಅವಳು ಅದನ್ನು ಚಲಾಯಿಸಿದಳು.

"ಏನ್ ಭಾವ, ನೀವು ಕುಳ್ಳಗಿದ್ದೀರಿ ಅಂತ ಜೀಪಿಗೆ ಹೀಲ್ಸ್ ಹಾಕ್ಸಿದ್ರಾ?"

"ಹತ್ತು, ಹತ್ತು. ಏಣಿ ಬೇಕಾದ್ರೆ ಹೇಳು."

ದೊಡ್ಡ ರಸ್ತೆಯಲ್ಲಿ ಜೀಪು ಗುಂಯ್ ಎನ್ನತೊಡಗಿದಾಗ ಕನಿಶಾಯ್‌ಳ ನಗು ನಿಂತಿತು. ಬಗ್ಗಿ ಅಂಗೈಯನ್ನು ಕಾಲಡಿಯ ತಗಡಿನ ಮೇಲೆ ಇಟ್ಟಳು. ಸ್ವಲ್ಪ ಜೋರಾಗಿ ಓಡಿಸಲು ಹೇಳಿದಳು, ಆಮೇಲೆ ನಿಧಾನ ಮಾಡಲು ಹೇಳಿದಳು. ಯಾವಾಗಿನಿಂದ ಹೀಗೆ ಎಂದು ಕೇಳಿದಳು. ಟೈರಿನದು ಎಂದ ತೊಲೊಗೊನ್. ಟೈರಿನದಲ್ಲ ಎಂದಳು. ರಸ್ತೆಯದು ಎಂದ. ಬಸ್ಸೂ ಇದೇ ರಸ್ತೆಯಲ್ಲಿ ಬಂತು, ಅದರಲ್ಲಿ ತಾನು ನಿದ್ದೆ ಮಾಡಿದೆ ಎಂದಳು. ಮನೆ ಬರುವವರೆಗೆ ಅವನು ಜೀಪಿನ ವೇಗವನ್ನು ನಲವತ್ತು ದಾಟಿಸಲಿಲ್ಲ.

ಚಹಾ ಕುಡಿದು, ಅಕ್ಕನ ಹಳೆಯ ಕೋಟು ತೊಟ್ಟು, ಕನಿಶಾಯ್ ಜೀಪಿನ ಕೆಳಗೆ ತೂರಿದಳು. ಹೊರಗೆ ಬಂದಾಗ ಅವಳ ಬೆರಳುಗಳಿಗೆ ಕೆಂಪು ಪುಡಿ ಅಂಟಿತ್ತು. ಗೇರ್‌ಬಾಕ್ಸಿನ ಕಡೆಯ ಕ್ರಾಸು ಒಣಗಿ ಸವೆದು ತುಕ್ಕು ಉದುರಿಸುತ್ತಿದೆ, ಕೈಯಲ್ಲಿ ಹಿಡಿದರೆ ಗಲಗಲ ಎನ್ನುತ್ತದೆ ಎಂದಳು. ಇನ್ನೂ ಒಂದಿತ್ತು. ಗುಂಡಿ ಹಾರಿದಾಗ ಉದ್ದ ಗಿಡ್ಡ ಆಗಲೆಂದು ಕರ್ದಾನ್‌ನ ಒಂದು ಭಾಗ ಇನ್ನೊಂದರೊಳಗೆ ಜಾರುವಂತೆ ಮಾಡಿರುತ್ತಾರೆ. ಆರು ಬೆರಳು ಎತ್ತಿದ್ದರಿಂದ ಅದು ಹಿರಿದುಕೊಂಡು, ಈಗ ಎರಡೇ ಬೆರಳಿನಷ್ಟು ಒಳಗೆ ಉಳಿದಿತ್ತು.

"ಭಾವ, ತಮಾಷೆ ಅಲ್ಲ. ಈ ತುದಿ ಓಡೋವಾಗ ಕಳಚಿ ಕೆಳಗೆ ಬಿದ್ರೆ ನೆಲಕ್ಕೆ ಗೂಟದ ಹಾಗೆ ನೆಟ್ಕೊಳ್ಳುತ್ತೆ. ಜೀಪು ಅದರ ಮೇಲೆ ಹಾರುತ್ತೆ. ನಿಮ್ಮ ಜೀಪಲ್ಲಿ ಕೈಬ್ರೇಕು ಹಿಡಿಯೋದೂ ಇದೇ ಕರ್ದಾನನ್ನೇ. ಇದು ಹೋದ್ರೆ ಘಟ್ಟದಲ್ಲಿ ಕೈಬ್ರೇಕೂ ಹೋಯ್ತು."

ತೊಲೊಗೊನ್ ಒಪ್ಪಲಿಲ್ಲ. ಊರೆಲ್ಲ ಮೆಚ್ಚಿದ ಕೆಲಸ. ಅಮ್ಮನಿಗಾಗಿ ಮಾಡಿಸಿದ್ದು. ಕ್ರಾಸು ಹಳೆಯದಿರಬಹುದು, ಹೊಸದು ಹಾಕಿದರಾಯಿತು, ಉಳಿದದ್ದೆಲ್ಲ ಸರಿಯಾಗಿಯೇ ಇದೆ ಎಂದು ವಾದಿಸಿದ. ಮೂತಿ ನೇರವಿದೆ, ಲಗಾಮಿನ ಹಾಗೆ ಗೆರೆ ನೇರವಿದೆ, ಇದಕ್ಕಿಂತ ಇನ್ನೇನು ಬೇಕು ಎಂದ.

"ಹೊಸ ಕ್ರಾಸು ಹಾಕಿದ್ರೂ ನೋಡ್ತಾ ನೋಡ್ತಾ ಹೀಗೇ ಆಗುತ್ತೆ," ಎಂದಳು ಕನಿಶಾಯ್. "ಲಗಾಮು ಎಳೆಯುತ್ತೆ. ಕರ್ದಾನ್ ತಿರುಗುತ್ತೆ. ಎರಡೂ ಒಂದೇ ಅಲ್ಲ ಭಾವ. ಬನ್ನಿ, ತೋರಿಸ್ತೀನಿ."

ಕೊಟ್ಟಿಗೆಯಲ್ಲಿ ಹಳೆಯ ಕರ್ದಾನ್ ಒಂದು ಬಿದ್ದಿತ್ತು. ಅದನ್ನು ಅಂಗಳಕ್ಕೆ ತಂದು ಮರದ ಮಣೆಯ ಮೇಲೆ ಇಟ್ಟರು. ಒಂದು ತುದಿಯನ್ನು ತೊಲೊಗೊನ್ ಹಿಡಿದ. ನಡುವಿನ ಕೊಳವೆ ಜಾರದಂತೆ ಅಯಿಮ್‌ಕಾನ್ ಆನಿಸಿಕೊಂಡಳು. ಇನ್ನೊಂದು ತುದಿ ಕನಿಶಾಯ್‌ಳ ಕೈಯಲ್ಲಿ. ಅಜ್ಜಿ ಬಿಸಿಲಲ್ಲಿ ಕಂಬಳಿ ಹಾಸಿಕೊಂಡು ಕೂತು ನೋಡುತ್ತಿದ್ದಳು. ಕನಿಶಾಯ್ ತನ್ನ ತುದಿಗೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿ, ಭಾವನ ಕಡೆಯ ಕ್ರಾಸನ್ನು ಬಾಗಿಸಿ, ತನ್ನ ಕಡೆಯದನ್ನು ಕೊಳವೆಗೆ ನೇರವಾಗಿ ಹಿಡಿದಳು. ಜೀಪಿನ ಕೆಳಗೆ ಈಗ ಇದ್ದದ್ದೂ ಹಾಗೆಯೇ, ಒಂದು ಕಡೆ ಪೂರ್ತಿ ಬಾಗು, ಇನ್ನೊಂದು ಕಡೆ ನೇರ. ಒಂದೇ ಸಮ ನಿಧಾನವಾಗಿ ತಿರುಗಿಸಲು ಭಾವನಿಗೆ ಹೇಳಿದಳು.

ತೊಲೊಗೊನ್ ತಿರುಗಿಸಿದ. ಆ ತುದಿಯ ಸುಣ್ಣದ ಗುರುತು ಒಂದೇ ಸಮ ತಿರುಗಲಿಲ್ಲ. ಸರ್ರನೆ ಓಡಿತು, ತಡೆದು ನಿಂತ ಹಾಗೆ ಮಾಡಿತು, ಮತ್ತೆ ಓಡಿತು, ಮತ್ತೆ ತಡೆಯಿತು. ಒಂದು ಸುತ್ತಿಗೆ ಎರಡು ಸಲ ಹೀಗಾಯಿತು.

"ನಿಮ್ಮ ಕೈ ನಡುಗ್ತಿದೆ," ಎಂದಳು ಅಯಿಮ್‌ಕಾನ್.

"ನನ್ನ ಕೈ ಯಾಕೆ ನಡುಗುತ್ತೆ? ನೀನೇ ತಿರುಗಿಸಿ ನೋಡು."

ಅವಳು ತಿರುಗಿಸಿದಾಗಲೂ ಗುರುತು ಹಾಗೆಯೇ ಕುಂಟಿತು. ಒಂದು ನಿಮಿಷಕ್ಕೆ ಸಾವಿರ ಸಲ ತಿರುಗುವಾಗ ಈ ಓಟ ಈ ತಡೆ ಎಲ್ಲ ಸೇರಿ ಆಗುವುದೇ ಆ ಗುಂಯ್ ಎಂದು ಕನಿಶಾಯ್ ತಿಳಿಸಿದಳು. ಆಮೇಲೆ ತನ್ನ ತುದಿಯನ್ನೂ ಅಷ್ಟೇ ಬಾಗಿಸಿದಳು. ಭಾವನ ಕೈಯಲ್ಲಿದ್ದ ತುದಿ ಯಾವ ಕಡೆ ನೋಡುತ್ತಿತ್ತೋ ಅವಳದೂ ಅದೇ ಕಡೆ, ಒಂದಕ್ಕೊಂದು ಸಮಾನಾಂತರ. ಕೊಳವೆ ಮಾತ್ರ ನಡುವೆ ಓರೆಯಾಗಿ ನಿಂತಿತು. ತೊಲೊಗೊನ್ ಮತ್ತೆ ತಿರುಗಿಸಿದ. ಈ ಸಲ ಗುರುತು ಗಡಿಯಾರದ ಮುಳ್ಳಿನ ಹಾಗೆ ಒಂದೇ ಸಮ ಹೋಯಿತು. ಒಂದು ಕ್ರಾಸು ಮಾಡಿದ ಕುಂಟನ್ನು ಇನ್ನೊಂದು ತಿದ್ದುತ್ತಿತ್ತು.

ಮೊದಲು ಮಾತಾಡಿದವಳು ಅಜ್ಜಿ.

"ಅದು ಜೋರ್ಗೊ," ಎಂದಳು.

ಜೋರ್ಗೊ ಎಂದರೆ ಒಂದು ಬದಿಯ ಮುಂಗಾಲು ಹಿಂಗಾಲುಗಳನ್ನು ಒಟ್ಟಿಗೆ ಎತ್ತಿಡುವ ಕುದುರೆ. ಅದರ ಮೇಲೆ ಕೂತರೆ ಮೈ ಕುಲುಕುವುದಿಲ್ಲ. ನಮ್ಮಲ್ಲಿ ಅಂಥ ಕುದುರೆಗೆ ಒಂದು ಮನೆಯ ಬೆಲೆ. ಮದುವೆಯಾಗಿ ಈ ಊರಿಗೆ ಬರುವಾಗ ಅಜ್ಜಿ ಕೂತು ಬಂದದ್ದು ಒಂದು ಕಂದು ಜೋರ್ಗೊ ಮೇಲೆ.

"ಮುಂದಿನ ಕಾಲು ಹೆಂಗೋ ಹಿಂದಿನ ಕಾಲು ಹಂಗೆ. ಎರಡೂ ಜೊತೆ ಹೋದ್ರೆ ಬೆನ್ನು ಅಲ್ಲಾಡಲ್ಲ. ನೀನು ಲಗಾಮು ನೋಡ್ದೆ ಮಗನೇ, ಕಾಲು ನೋಡ್ಲಿಲ್ಲ."

"ಅಜ್ಜಿನ ನಮ್ಮ ಅಂಗಡಿಗೆ ಕಳಿಸಿ ಭಾವ," ಎಂದಳು ಕನಿಶಾಯ್. "ನನಗೆ ಒಂದು ವರ್ಷ ಹಿಡಿದಿತ್ತು ಇದು ತಲೆಗೆ ಹೋಗೋಕೆ."

ಗೇರ್‌ಬಾಕ್ಸಿನ ತುದಿಯಲ್ಲೇ ಜೋಡಿ ಕ್ರಾಸು ಇರುವ ಕರ್ದಾನ್‌ಗಳೂ ಉಂಟು, ಅವುಗಳಿಗೆ ಮಾತ್ರ ತೊಲೊಗೊನ್ ಮಾಡಿದ ಹಾಗೆ ಆಕ್ಸಲ್ಲಿನ ಮೂತಿ ಕರ್ದಾನ್ ಕಡೆಗೇ ನೋಡಬೇಕು ಎಂದೂ ಅವಳು ಹೇಳಿದಳು. ಇವನದು ಒಂಟಿ ಕ್ರಾಸಿನದು. ತೊಲೊಗೊನ್ ಕೈ ಒರೆಸಿಕೊಂಡು, ಸಾಗಿನ್‌ನನ್ನು ಕರೆಯಲು ಹೋದ.

ಮಾರನೆಯ ದಿನ ಶಾಲೆಯ ಮುಂದಿನ ಮಟ್ಟಸವಾದ ಸಿಮೆಂಟು ನೆಲದ ಮೇಲೆ ಜೀಪು ನಿಲ್ಲಿಸಿದರು. ಜಾಕಿನ ಮೇಲೆ ಎತ್ತಿಟ್ಟು ಅಳೆಯೋಣ, ಕೆಳಗೆ ತೂರಲು ಸುಲಭ ಎಂದ ಸಾಗಿನ್. ಆಕ್ಸಲ್ಲು ಜೋತುಬಿದ್ದರೆ ಎಲ್ಲ ಕೋನವೂ ಸುಳ್ಳು ಹೇಳುತ್ತದೆ, ಜೀಪು ತನ್ನ ಚಕ್ರದ ಮೇಲೆಯೇ, ಘಟ್ಟ ಹತ್ತುವಾಗ ಹೊರುವಷ್ಟೇ ಭಾರ ಹೊತ್ತು ನಿಂತಿರಬೇಕು ಎಂದಳು ಕನಿಶಾಯ್. ಹಿಟ್ಟಿನ ಮೂಟೆ, ಗುಡಾರದ ಕಂಬಳಿ, ಕಬ್ಬಿಣದ ಒಲೆ ಎಲ್ಲವನ್ನೂ ತುಂಬಿದರು. ತನ್ನ ಭಾರವನ್ನು ಯಾಕೆ ಬಿಟ್ಟಿರಿ ಎಂದು ಅಜ್ಜಿ ಕೇಳಿದಳು. ಬರುವುದಿಲ್ಲ ಎಂದವಳ ಭಾರ ಯಾಕೆ ಎಂದಳು ಅಯಿಮ್‌ಕಾನ್, ಆದರೆ ಕೈಹಿಡಿದು ಹತ್ತಿಸಿ ಕೂರಿಸಿದಳು.

ಶಾಲೆಯ ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಒಂದು ನಟ್ಟು ತೂಗಿಸಿದ್ದು, ಅಷ್ಟೇ ಅವರ ಉಪಕರಣ. ಗೇರ್‌ಬಾಕ್ಸಿನ ಕಡೆಯ ತುದಿ ಮೂರು ಡಿಗ್ರಿ ವಾಲಿತ್ತು. ಆಕ್ಸಲ್ಲಿನ ಮೂತಿ ಹದಿನೈದು ಡಿಗ್ರಿ ಮೇಲೆ ನೋಡುತ್ತಿತ್ತು. ಹನ್ನೆರಡು ಡಿಗ್ರಿಯ ಜಗಳ ಎಂದಳು ಕನಿಶಾಯ್.

ಹಿಂದಿನ ಆಕ್ಸಲ್ಲಿನ ಬೆಣೆ ತೆಗೆದರು. ಬರೀ ಬೆಣೆ ತೆಗೆದರೆ ಎರಡು ಕಡೆ ಸಮವಾಗುತ್ತಿತ್ತು, ಆದರೆ ಆರು ಬೆರಳಿನ ಎತ್ತರಕ್ಕೆ ಎರಡು ಕ್ರಾಸೂ ಮಿತಿ ಮೀರಿ ಬಾಗಬೇಕಾಗುತ್ತಿತ್ತು. ಎತ್ತರವನ್ನು ಮೂರು ಬೆರಳಿಗೆ ಇಳಿಸಲೇಬೇಕು ಎಂದಳು. ಇಲ್ಲಿ ತೊಲೊಗೊನ್ ಮತ್ತೆ ಹಟ ಹಿಡಿದ. ಹಾಗಾದರೆ ಹೊಳೆಯ ಗತಿ ಏನು, ಅಮ್ಮನ ಕಾಲು ಮತ್ತೆ ನೀರಲ್ಲೇ ಎಂದ. ಅದಕ್ಕೆ ಉತ್ತರ ಕೊಟ್ಟವಳು ಅಯಿಮ್‌ಕಾನ್. ಅವಳು ಹೆಚ್ಚು ಮಾತಿನವಳಲ್ಲ.

"ಏನ್ರೀ, ಹೋದ ವರ್ಷ ನಾವು ಹೊಳೆಗಿಳಿದದ್ದು ಮಧ್ಯಾಹ್ನ ಮೂರಕ್ಕೆ. ಬಿಸಿಲಿಗೆ ಹಿಮ ಕರಗಿ ನೀರು ಏರಿತ್ತು, ಬಂಡೆ ಕಾಣಲಿಲ್ಲ. ಬೆಳಿಗ್ಗೆ ಹೊರಟವರೆಲ್ಲ ಕಾಲು ನೆನೆಸದೇ ದಾಟಿದ್ರು. ನೀವು ಆಗ ಸಾಗಿನ್ ಮನೇಲಿ ಚಹಾ ಕುಡೀತಾ ಕೂತಿದ್ರಿ."

ಸಾಗಿನ್ ಕೆಮ್ಮಿ ಸ್ಪ್ಯಾನರ್ ಹುಡುಕತೊಡಗಿದ. ತೊಲೊಗೊನ್ ಮೂರು ಬೆರಳಿಗೆ ಒಪ್ಪಿದ.

ಮೂತಿಯನ್ನು ಪೂರ್ತಿ ಸಮ ಮಾಡದೆ, ಒಂದೂವರೆ ಡಿಗ್ರಿ ಕೆಳಗೆ ಬಿಟ್ಟರು. ಭಾರ ಎಳೆಯುವಾಗ ಆಕ್ಸಲ್ಲು ತಾನಾಗಿ ಮೂತಿ ಸ್ವಲ್ಪ ಎತ್ತುತ್ತದೆ, ಆಗ ಸಮಕ್ಕೆ ಬರುತ್ತದೆ. ಮುಂದಿನ ಆಕ್ಸಲ್ಲಿನ ಬೆಣೆಯನ್ನೂ ತೆಗೆದರು. ಮುಂದೆ ಮೂತಿಗಿಂತ ಸ್ಟೀರಿಂಗ್ ದೊಡ್ಡದು ಎಂದಳು ಕನಿಶಾಯ್. ಚಕ್ರ ಯಾವ ಗೂಟದ ಮೇಲೆ ತಿರುಗುತ್ತದೋ ಅದರ ಮೇಲ್ತುದಿ ತುಸು ಹಿಂದಕ್ಕೆ ವಾಲಿರಬೇಕು. ಮೂತಿ ಎತ್ತಲು ಹೋಗಿ ಆಕ್ಸಲ್ಲನ್ನು ತಿರುಗಿಸಿದರೆ ಆ ಗೂಟ ಮುಂದಕ್ಕೆ ಬಾಗುತ್ತದೆ, ಸ್ಟೀರಿಂಗ್ ದಾರಿ ತಪ್ಪುತ್ತದೆ. ಹೊಸ ಕ್ರಾಸು ಹಾಕಿದರು. ಜಾರುವ ಭಾಗ ಈಗ ನಾಲ್ಕು ಬೆರಳಿಗಿಂತ ಹೆಚ್ಚು ಒಳಗೆ ಹೋಗಿ ಕೂತಿತು. ಬ್ರೇಕಿನ ರಬ್ಬರ್ ಪೈಪು ಎಳೆದುಕೊಂಡಿಲ್ಲವೆಂದು ನೋಡಿದರು. ಯು-ಬೋಲ್ಟುಗಳನ್ನು ನೂರು ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ ಬಿಗಿಯಬೇಕೆಂದು ಕನಿಶಾಯ್ ಮೂರು ಸಲ ಹೇಳಿದಳು. ಭಾವನ ಕೈಮೇಲೆ ಪೆನ್ನಿನಲ್ಲಿ ಬರೆದೂ ಬಿಟ್ಟಳು.

ಸಂಜೆಗೆ ಮುಂಚೆ ಎಲ್ಲರೂ ಹತ್ತಿ ದೊಡ್ಡ ರಸ್ತೆಗೆ ಹೋದರು. ನಲವತ್ತು ಆಯಿತು. ಐವತ್ತು ಆಯಿತು. ಎಂಜಿನಿನ ಸದ್ದು, ಗಾಳಿಯ ಸದ್ದು, ಬೇರೇನಿಲ್ಲ. ಸ್ಟೀರಿಂಗ್ ತಿರುಗಿಸಿ ಬಿಟ್ಟರೆ ತಾನೇ ನೇರಕ್ಕೆ ಬಂತು. ತೊಲೊಗೊನ್ ಅಮ್ಮ ಏನಾದರೂ ಹೇಳುತ್ತಾಳೆಂದು ಕಾದ. ಹಿಂದಿನಿಂದ ಮಾತೇ ಇಲ್ಲ. ತೊಟ್ಟಿಲ ಶಾಸ್ತ್ರದಿಂದ ಬರುವಾಗಿನ ಆ ಮೌನ ಅವನಿಗೆ ನೆನಪಾಯಿತು. ಜೀಪನ್ನು ರಸ್ತೆಯ ಬದಿಗೆ ನಿಲ್ಲಿಸಿ, ಹಿಂದೆ ತಿರುಗಿ ನೋಡಿದ.

ಅಜ್ಜಿ ಹಿಟ್ಟಿನ ಮೂಟೆಗೆ ಒರಗಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು.

ಜೀಪು ನಿಂತದ್ದಕ್ಕೆ ಎಚ್ಚರವಾಗಿ, ಯಾಕೆ ನಿಲ್ಲಿಸಿದೆ, ಚೆನ್ನಾಗಿ ಹೋಗುತ್ತಿತ್ತಲ್ಲ ಎಂದು ರೇಗಿದಳು. ಅವನು ಆವತ್ತು ನೋವಾಗಿತ್ತಾ ಅಮ್ಮ ಎಂದು ಕೇಳಿದ.

"ಆಗಿತ್ತು. ಸೊಂಟದೊಳಗೆ ಯಾರೋ ಕುಟ್ಟಿದ ಹಾಗಿತ್ತು."

"ಮತ್ತೆ ಚೆನ್ನಾಗಿದೆ ಅಂದ್ಯಲ್ಲ?"

"ನನಗೋಸ್ಕರ ಮಾಡ್ಸಿದ್ದು ನೀನು," ಎಂದಳು ಅಜ್ಜಿ. "ಹೆಂಗೆ ಹೇಳ್ಲಿ?"

ತೊಲೊಗೊನ್ ಮುಂದಕ್ಕೆ ತಿರುಗಿ ಗಾಜು ಒರೆಸಿದ. ಗಾಜು ಶುಭ್ರವಾಗಿಯೇ ಇತ್ತು. ಕನಿಶಾಯ್ ಕಿಟಕಿಯ ಹೊರಗೆ ನೋಡಿದಳು. ಗುಡಾರದ ಹಗ್ಗಗಳನ್ನು ಹೋದ ವರ್ಷದ ಹಾಗೆ ಒದ್ದೆಯಾಗಿಯೇ ಸುತ್ತಿಟ್ಟಿದ್ದೀರೋ, ಬಿಸಿಲಿಗೆ ಹಾಕಿದ್ದೀರೋ ಎಂದು ಅಜ್ಜಿ ಸೊಸೆಯನ್ನು ಕೇಳಿದಳು. ನಾಳೆ ತಾನೇ ಎದುರಿಗೆ ಕೂತು ನೋಡುವೆನೆಂದಳು. ಅವಳು ಬರುತ್ತಾಳೆಂದು ಎಲ್ಲರಿಗೂ ಗೊತ್ತಾದದ್ದು ಹಾಗೆ.

ಎಂಟು ದಿನ ಕಳೆದು ಅವರು ನಸುಕಿನಲ್ಲಿ ಹೊರಟರು. ಮೂರೂ ಹೊಳೆಗಳಲ್ಲಿ ಕಲ್ಲು ಕಾಣುವಷ್ಟೇ ನೀರಿತ್ತು.

ಜೀಪು ಎತ್ತಿಸುವ ಯೋಚನೆಯಲ್ಲಿರುವ ಅಣ್ಣಂದಿರೇ, ಅಕ್ಕಂದಿರೇ, ಎತ್ತಿಸಿ. ನಮ್ಮ ದಾರಿಗೆ ಅದು ಬೇಕು. ಆದರೆ ತುಂಡು ಹಾಕಿಸುವ ಮೊದಲು ಜೀಪನ್ನು ಮಟ್ಟಸವಾದ ನೆಲದಲ್ಲಿ, ಭಾರ ಹೊರಿಸಿ, ಚಕ್ರದ ಮೇಲೆ ನಿಲ್ಲಿಸಿ ಕೋನಗಳನ್ನು ಅಳೆದು ಗೋಡೆಯ ಮೇಲಾದರೂ ಬರೆದಿಡಿ. ಎತ್ತಿದ ಮೇಲೆ ಮತ್ತೆ ಅಳೆಯಿರಿ. ಒಂಟಿ ಕ್ರಾಸಿನ ಕರ್ದಾನ್ ಆದರೆ ಎರಡು ತುದಿಗಳೂ ಒಂದಕ್ಕೊಂದು ಸಮಾನಾಂತರವಾಗಿರಲಿ. ಬೇಕಾದಷ್ಟೇ ಎತ್ತಿ, ಆಸೆಯಾದಷ್ಟಲ್ಲ. ಈಗಾಗಲೇ ಎತ್ತಿಸಿ ಆಗಿದ್ದು, ಜೀಪು ಗುಂಯ್ ಎನ್ನುತ್ತಿದ್ದರೆ ರಸ್ತೆಯನ್ನು ಬೈಯಬೇಡಿ, ತಿಳಿದವರನ್ನು ಕರೆದು ಇವತ್ತೇ ಕೆಳಗೆ ತೂರಿ ನೋಡಿ. ಹಾಗೆಯೇ ಹಿಂದಿನ ಸೀಟಿನಲ್ಲಿ ಕೂತ ನಿಮ್ಮ ಅಮ್ಮನನ್ನೂ ಹೇಗಿದೆ ಎಂದು ಕೇಳಿ. ಚೆನ್ನಾಗಿದೆ ಎಂದರೆ, ದಯವಿಟ್ಟು ಇನ್ನೊಮ್ಮೆ ಕೇಳಿ.